ಕೂದಲು ಕಸಿಗೆ ಇಸ್ತಾಂಬುಲ್‌ಗೆ ಹೋಗಬೇಕೆಂದಿದ್ದೇನೆ: ಹೋಗಿ ಬಂದವರಿದ್ದರೆ ದಯವಿಟ್ಟು ತಿಳಿಸಿ

ತುಂಗಾತೀರ, ಮ್ಯೂನಿಕ್:

ಎಲ್ಲರಿಗೂ ನಮಸ್ಕಾರ. ನನಗೆ 29 ವರ್ಷ. ಊರು ತೀರ್ಥಹಳ್ಳಿಯ ಹತ್ತಿರ ಒಂದು ಹಳ್ಳಿ. ನಾಲ್ಕು ವರ್ಷಗಳಿಂದ ಮ್ಯೂನಿಕ್‌ನಲ್ಲಿ ಎಂಜಿನಿಯರ್ ಆಗಿದ್ದೇನೆ. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಹಣೆಯ ಎರಡೂ ಮೂಲೆಗಳಲ್ಲಿ ಕೂದಲು ಹಿಂದೆ ಸರಿಯತೊಡಗಿತು. ಈಗ ಮುಂದಲೆಯ ನಡುವೆ ತೆಳ್ಳನೆಯ ಒಂದು ಕುಚ್ಚು ಉಳಿದಿದೆ. ನೆತ್ತಿಯಲ್ಲೂ ಐದು ರೂಪಾಯಿ ನಾಣ್ಯದಷ್ಟು ಜಾಗ ಬರಿದಾಗಿದೆ. ಅಪ್ಪನಿಗೂ ಸೋದರಮಾವನಿಗೂ ನಲವತ್ತರ ಒಳಗೇ ತಲೆ ಬೋಳಾಗಿತ್ತು.

ಕಳೆದ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಒಂದು ಸಂಬಂಧ ಬಂದಿತ್ತು. ಹುಡುಗಿಯ ಕಡೆಯವರು ನನ್ನ ಅಕ್ಕನ ಹತ್ತಿರ "ಟೋಪಿ ಇಲ್ಲದ ಫೋಟೊ ಇದ್ದರೆ ಕಳುಹಿಸಿ" ಎಂದರು. ಅಕ್ಕ ಕಳುಹಿಸಿದಳು. ಆಮೇಲೆ ಅವರಿಂದ ಮಾತೇ ಇಲ್ಲ. ಅಮ್ಮ ನನಗೆ ಏನೂ ಹೇಳದೆ, ಹಿತ್ತಲಿನ ದಾಸವಾಳದ ಎಲೆ ತಂದು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ, ರಜೆ ಮುಗಿಯುವವರೆಗೂ ದಿನವೂ ರಾತ್ರಿ ತಲೆಗೆ ಹಚ್ಚಿದರು. ಆ ಎಣ್ಣೆಯ ಬಾಟಲಿ ಇಲ್ಲಿ ನನ್ನ ಕಪಾಟಿನಲ್ಲಿದೆ. ಅದನ್ನು ನೋಡಿದಾಗಲೆಲ್ಲ ಇದಕ್ಕೊಂದು ದಾರಿ ಮಾಡಿಕೊಳ್ಳಲೇಬೇಕು ಅನ್ನಿಸುತ್ತದೆ.

ಇಸ್ತಾಂಬುಲ್‌ನ ಒಂದು ಕ್ಲಿನಿಕ್‌ಗೆ ವಾಟ್ಸ್ಆ್ಯಪ್‌ನಲ್ಲಿ ತಲೆಯ ನಾಲ್ಕು ಫೋಟೊ ಕಳುಹಿಸಿದೆ. ಹತ್ತೇ ನಿಮಿಷದಲ್ಲಿ ಉತ್ತರ ಬಂತು: ಒಂದೇ ದಿನದಲ್ಲಿ 4,500 ಗ್ರಾಫ್ಟ್ (ಕಿತ್ತು ನೆಡುವ ಕೂದಲಿನ ಬುಡ), 2,200 ಯೂರೊ. ಅದರಲ್ಲೇ ಮೂರು ರಾತ್ರಿ ಹೋಟೆಲ್, ವಿಮಾನ ನಿಲ್ದಾಣದಿಂದ ಕಾರು, ದುಭಾಷಿ, ಔಷಧಿ ಎಲ್ಲ ಸೇರಿದೆ. ಈ ವಾರದೊಳಗೆ 300 ಯೂರೊ ಮುಂಗಡ ಕಳುಹಿಸಿದರೆ ಮಾತ್ರ ಈ ದರವಂತೆ. ಇಲ್ಲಿ ಮ್ಯೂನಿಕ್‌ನಲ್ಲಿ ವಿಚಾರಿಸಿದಾಗ 2,500 ಗ್ರಾಫ್ಟ್‌ಗೇ 8,000 ಯೂರೊ ಹೇಳಿದ್ದರು. ಇಷ್ಟು ವ್ಯತ್ಯಾಸ ಏಕೆ? 4,500 ಎಂಬ ಸಂಖ್ಯೆ ಸರಿಯೇ? ಜರ್ಮನಿಯ ವಾಸದ ಪರವಾನಗಿ ಇದ್ದರೆ ವೀಸಾ ಸುಲಭವೇ, ಎಷ್ಟು ದಿನ ರಜೆ ಬೇಕಾದೀತು?

ಇನ್ನೊಂದು ಮಾತು ಇಲ್ಲಿ ಬಿಟ್ಟು ಬೇರೆಲ್ಲೂ ಕೇಳಲಾರೆ. ಶಸ್ತ್ರಚಿಕಿತ್ಸೆಗೆ ಮುಂಚೆ ತಲೆ ಪೂರ್ತಿ ಬೋಳಿಸಬೇಕು ಎನ್ನುತ್ತಾರೆ. ನಮ್ಮ ಮನೆಯಲ್ಲಿ ತಂದೆ ಇರುವಾಗ ಮಗ ಸುಮ್ಮಸುಮ್ಮನೆ ತಲೆ ಬೋಳಿಸುವ ಪದ್ಧತಿ ಇಲ್ಲ, ಹರಕೆಗೆ ಮಾತ್ರ. ಅಮ್ಮ ನನ್ನ ಮದುವೆ ಗೊತ್ತಾದರೆ ತಿರುಪತಿಯಲ್ಲಿ ನನ್ನ ಮುಡಿ ಕೊಡಿಸುವುದಾಗಿ ಹರಸಿಕೊಂಡಿದ್ದಾರೆ. ಕಸಿ ಮಾಡಿಸಿದ ತಲೆಯನ್ನು ಮತ್ತೆ ಬೋಳಿಸಬಹುದೇ?

ನಾಲೆಬಯಲು, ಫ್ರಾಂಕ್‌ಫರ್ಟ್:

ಆ 300 ಯೂರೊ ಇನ್ನೂ ಕಳುಹಿಸದಿದ್ದರೆ ಕಳುಹಿಸಬೇಡಿ. ಮಿಕ್ಕಿದ್ದನ್ನು ಆಮೇಲೆ ಓದಿ.

ನಾನು ಮದ್ದೂರಿನ ಕಡೆಯವನು, 38 ವರ್ಷ. ಇಸ್ತಾಂಬುಲ್‌ಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ, 2022ರ ಅಕ್ಟೋಬರ್‌ನಲ್ಲಿ, ನಿಮ್ಮ ಹಾಗೆಯೇ ಫೋಟೊ ಕಳುಹಿಸಿ, 400 ಯೂರೊ ಮುಂಗಡ ಕೊಟ್ಟು ಹೋದೆ. ಬೆಳಿಗ್ಗೆ ಎಂಟಕ್ಕೆ ಕ್ಲಿನಿಕ್ ತಲುಪಿದಾಗ ಕಾಯುವ ಕೋಣೆಯಲ್ಲಿ ನನ್ನಂತೆಯೇ ಏಳು ಜನ ನೀಲಿ ಗೌನು ತೊಟ್ಟು ಕುಳಿತಿದ್ದರು. ಬಿಳಿ ಕೋಟಿನವರೊಬ್ಬರು ಬಂದು ಹಣೆಯ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದು, ನನ್ನ ಹಿಂತಲೆಯನ್ನು ಬೆರಳಿನಿಂದಲೂ ಮುಟ್ಟದೆ, ಪಕ್ಕದವನ ಹತ್ತಿರ ಹೋದರು. ಆ ಗೆರೆ ನನಗೆ ಹದಿನಾರನೆಯ ವಯಸ್ಸಿನಲ್ಲಿ ಕೂದಲು ಇದ್ದ ಜಾಗಕ್ಕಿಂತಲೂ ಕೆಳಗಿತ್ತು. "ಕೂದಲು ತೆಗೆಯುವವರು ನೀವೇ ತಾನೇ?" ಎಂದು ದುಭಾಷಿಯ ಮೂಲಕ ಕೇಳಿಸಿದೆ. "ನಮ್ಮ ತಂಡ" ಎಂದಳು ಆಕೆ. "ತಂಡದಲ್ಲಿ ವೈದ್ಯರು ಯಾರು?" ಎಂದೆ. ಮತ್ತೆ "ನಮ್ಮ ತಂಡ". ನಾನು ಗೌನು ಬಿಚ್ಚಿ, ಬಟ್ಟೆ ತೊಟ್ಟು, ಹಣೆಯ ಮೇಲೆ ಗೆರೆ ಇದ್ದ ಹಾಗೆಯೇ ಹೊರಗೆ ಬಂದೆ. ಮುಂಗಡ ಹೋಯಿತು. ಮೆಟ್ರೊ ಹಿಡಿದು ಗಲಾಟಾ ಸೇತುವೆಗೆ ಹೋಗಿ, ಅಲ್ಲಿ ಸಾಲಾಗಿ ಗಾಳ ಹಾಕಿ ನಿಂತವರ ಪಕ್ಕದಲ್ಲಿ ಸಂಜೆಯವರೆಗೂ ನಿಂತಿದ್ದೆ. ಕೈಗಳು ನಡುಗುತ್ತಿದ್ದವು. ಆ ಊರಿನ ಬೀದಿಗಳಲ್ಲಿ ತಲೆಗೆ ಕಪ್ಪು ಪಟ್ಟಿ ಸುತ್ತಿಕೊಂಡು, ಬ್ಯಾಂಡೇಜ್ ಹಾಕಿಕೊಂಡು ಓಡಾಡುವ ಗಂಡಸರು ಎಲ್ಲೆಲ್ಲೂ ಕಾಣುತ್ತಾರೆ. ಅಂದು ಅವರಲ್ಲಿ ಒಬ್ಬೊಬ್ಬರನ್ನೂ ನಿಲ್ಲಿಸಿ "ನಿಮಗೆ ಮಾಡಿದವರು ಯಾರು?" ಎಂದು ಕೇಳಬೇಕು ಅನ್ನಿಸಿತ್ತು.

ನೀವು ಕೇಳಿದ ಸಂಖ್ಯೆಯ ವಿಷಯ. ನಮ್ಮದು ವಿಶ್ವೇಶ್ವರಯ್ಯ ನಾಲೆಯ ನೀರಿನ ಗದ್ದೆ. ನನಗೆ ಇದು ನಾಟಿಯ ಲೆಕ್ಕದಲ್ಲೇ ಅರ್ಥವಾದದ್ದು. ಕಸಿಯಿಂದ ಹೊಸ ಕೂದಲು ಹುಟ್ಟುವುದಿಲ್ಲ. ಹಿಂತಲೆಯ ಸಸಿಮಡಿಯಿಂದ ಪೈರು ಕಿತ್ತು ಮುಂದಲೆಯ ಗದ್ದೆಗೆ ನೆಡುತ್ತಾರೆ, ಅಷ್ಟೇ. ಒಂದು ಗ್ರಾಫ್ಟ್ ಎಂದರೆ ಒಂದರಿಂದ ನಾಲ್ಕು ಕೂದಲಿರುವ ಒಂದು ಬುಡ. ಗದ್ದೆಯಲ್ಲಾದರೆ ಮುಂದಿನ ಹಂಗಾಮಿಗೆ ಮತ್ತೆ ಮಡಿ ಚೆಲ್ಲಬಹುದು. ಹಿಂತಲೆಯಲ್ಲಿ ಕಿತ್ತ ಜಾಗದಲ್ಲಿ ಮತ್ತೆ ಹುಟ್ಟುವುದಿಲ್ಲ. ನಿಮಗೆ 29. ಅಪ್ಪನ ಹಾಗೆ ನಲವತ್ತಕ್ಕೆ ಇಡೀ ನೆತ್ತಿ ಖಾಲಿಯಾದರೆ ಅಂದಿಗೆ ಬೇಕಾದ ಪೈರನ್ನು ಇಂದೇ ಕಿತ್ತು ಮುಗಿಸಿದಂತಾಗುತ್ತದೆ. ಹಿಂತಲೆಯಲ್ಲಿ ಕೂದಲು ಎಷ್ಟು ದಟ್ಟವಾಗಿದೆ, ಎಳೆ ಎಷ್ಟು ದಪ್ಪ ಎಂದು ಭೂತಗನ್ನಡಿ ಹಿಡಿದು ನೋಡದೆ ಫೋಟೊದಿಂದ ಸಂಖ್ಯೆ ಹೇಳಿದವರು ನಿಮ್ಮ ತಲೆಯನ್ನು ನೋಡಿಲ್ಲ.

ದರ ಕಡಿಮೆ ಇರುವುದಕ್ಕೆ ನ್ಯಾಯವಾದ ಕಾರಣಗಳೂ ಇವೆ: ಅಲ್ಲಿ ಬಾಡಿಗೆ, ಸಂಬಳ ಜರ್ಮನಿಗಿಂತ ಕಡಿಮೆ, ಟರ್ಕಿಯ ನಾಣ್ಯ ಲಿರಾದ ಬೆಲೆಯೂ ಬಿದ್ದಿದೆ. ನಾನು ಎರಡನೆಯ ಸಲ ಆಯ್ದುಕೊಂಡ ವೈದ್ಯರೂ ಇಸ್ತಾಂಬುಲ್‌ನವರೇ. ದಿನಕ್ಕೆ ಒಬ್ಬರನ್ನೇ ತೆಗೆದುಕೊಳ್ಳುತ್ತಾರೆ. 4,100 ಯೂರೊ ಆಯಿತು. ವಿಡಿಯೊ ಕರೆಯಲ್ಲಿ ನಲವತ್ತು ನಿಮಿಷ ಮಾತನಾಡಿದರು. ಮನೆಯಲ್ಲಿ ಯಾರ್‍ಯಾರಿಗೆ ಬೋಳು, ಯಾವ ವಯಸ್ಸಿಗೆ ಆಯಿತು ಎಂದು ಅಜ್ಜನವರೆಗೂ ಕೇಳಿದರು. ಮೊದಲು ಒಂದು ವರ್ಷ ಮಾತ್ರೆ ತೆಗೆದುಕೊಂಡು ಉದುರುವುದು ನಿಲ್ಲುತ್ತದೆಯೇ ನೋಡೋಣ ಎಂದು ಶಸ್ತ್ರಚಿಕಿತ್ಸೆಯನ್ನು ಮುಂದೂಡಿದರು. ಹಣ ಕೊಡಲು ಸಿದ್ಧನಿದ್ದವನನ್ನು ಒಂದು ವರ್ಷ ಕಾಯಿಸಿದ ಆ ಮನುಷ್ಯನ ಮೇಲೆ ನನಗೆ ಅಂದೇ ನಂಬಿಕೆ ಬಂತು.

2024ರ ಮಾರ್ಚ್‌ನಲ್ಲಿ ಮಾಡಿಸಿದೆ. ಹುಬ್ಬುಗಳ ನಡುವಿನಿಂದ ಎಂಟು ಸೆಂಟಿಮೀಟರ್ ಮೇಲೆ ಗೆರೆ ಎಳೆದರು, ಮೂಲೆಗಳನ್ನು ಪೂರ್ತಿ ಮುಚ್ಚಲಿಲ್ಲ, ನೆತ್ತಿಯನ್ನು ಮುಟ್ಟಲೇ ಇಲ್ಲ. ಒಟ್ಟು 2,380 ಗ್ರಾಫ್ಟ್. ಒಂಟಿ ಕೂದಲಿನವು ಎಷ್ಟು, ಜೋಡಿ ಎಷ್ಟು, ಮೂರರವು ಎಷ್ಟು ಎಂದು ಬರೆದ ಹಾಳೆ ಕೈಗೆ ಕೊಟ್ಟರು. ಒಂಟಿಯವನ್ನೆಲ್ಲ ಮುಂದಿನ ಸಾಲಿಗೆ ನೆಟ್ಟದ್ದರಿಂದ ಇಂದು ಕ್ಷೌರಿಕನಿಗೂ ಗೆರೆ ಗೊತ್ತಾಗುವುದಿಲ್ಲ. ನೋವು ಎಂದರೆ ಅರಿವಳಿಕೆಯ ಸೂಜಿಗಳದ್ದು. ಹಿಂತಲೆಗೂ ಹಣೆಗೂ ಚುಚ್ಚುವ ಆ ಕಾಲು ಗಂಟೆ ಹಲ್ಲು ಕಚ್ಚಿಕೊಂಡಿದ್ದೆ. ಆಮೇಲೆ ಮೂರು ಗಂಟೆ ಬೋರಲು ಮಲಗಿ ಕೀಳಿಸಿಕೊಳ್ಳುವುದು. ಒಂದು ಮಿಲಿಮೀಟರಿಗಿಂತ ಸಣ್ಣ ಕೊಳವೆ ತಿರುಗುವ ಸದ್ದು ತಲೆಬುರುಡೆಯ ಒಳಗೇ ಕೇಳಿಸುತ್ತದೆ. ಮಧ್ಯಾಹ್ನ ಬೇಳೆಯ ಸೂಪು ಕೊಟ್ಟರು, ನಮ್ಮ ತೊವ್ವೆಯ ರುಚಿಗೆ ಹತ್ತಿರ. ಮತ್ತೆ ನಾಲ್ಕು ಗಂಟೆ ನೆಡುವುದು. ಸೀಳು ಹಾಕಿದ್ದು ವೈದ್ಯರೇ; ಬುಡಗಳನ್ನು ಅದರೊಳಗೆ ಕೂರಿಸಿದ್ದು ಅವರ ಎದುರಿಗೇ ಇಬ್ಬರು ನರ್ಸ್‌ಗಳು.

ಮುಂದಿನ ದಿನಗಳ ಬಗ್ಗೆ ಯಾವ ಜಾಹೀರಾತೂ ಹೇಳುವುದಿಲ್ಲ. ಒಂದು ವಾರ ಕುತ್ತಿಗೆಗೆ ದಿಂಬು ಸಿಕ್ಕಿಸಿ ಅರ್ಧ ಕುಳಿತೇ ನಿದ್ದೆ. ನಾಲ್ಕನೆಯ ದಿನ ಹಣೆಯ ಬಾವು ಇಳಿದು ಎರಡೂ ಕಣ್ಣು ಊದಿಕೊಂಡವು. ಹತ್ತನೆಯ ದಿನದ ಹೊತ್ತಿಗೆ ಹಕ್ಕಳೆಗಳು ಉದುರಿದವು. ಮೂರನೆಯ ವಾರ ನೆಟ್ಟ ಕೂದಲೇ ಉದುರಲು ಶುರುವಾಯಿತು. ಬುಡ ಒಳಗೆ ಉಳಿದಿರುತ್ತದೆ, ಇದು ಎಲ್ಲರಿಗೂ ಆಗುವುದೇ ಎಂದು ವೈದ್ಯರು ಮೊದಲೇ ಹೇಳಿದ್ದರೂ ಸ್ನಾನದ ಮನೆಯಲ್ಲಿ ಅದನ್ನು ಕಂಡಾಗ ಕಣ್ಣೀರು ಬಂತು. ನಾಲ್ಕನೆಯ ತಿಂಗಳು ಮೊಳಕೆ, ಎಂಟಕ್ಕೆ ಬಾಚಣಿಗೆಗೆ ಸಿಗುವಷ್ಟು, ಒಂದು ವರ್ಷಕ್ಕೆ ಪೂರ್ತಿ. ಆ ಎಣ್ಣೆಯ ಬಾಟಲಿಯನ್ನು ವೈದ್ಯರು ಹೇಳುವವರೆಗೂ ತೆಗೆಯಬೇಡಿ.

ರಜೆ ಎರಡು ವಾರ ಇಟ್ಟುಕೊಳ್ಳಿ, ಸ್ವಂತ ರಜೆಯನ್ನೇ. ಜರ್ಮನಿಯ ಸಾಮಾಜಿಕ ಸಂಹಿತೆಯ ಐದನೆಯ ಸಂಪುಟದ 52ನೇ ಕಲಂ ನೋಡಿ: ವೈದ್ಯಕೀಯ ಅಗತ್ಯವಿಲ್ಲದ ಸೌಂದರ್ಯ ಶಸ್ತ್ರಚಿಕಿತ್ಸೆಯಿಂದ ಕಾಯಿಲೆ ಬಂದರೆ ಸಾರ್ವಜನಿಕ ಆರೋಗ್ಯ ವಿಮೆಯವರು ಖರ್ಚಿನಲ್ಲಿ ಪಾಲನ್ನು ನಿಮ್ಮಿಂದಲೇ ವಸೂಲು ಮಾಡಬೇಕೆಂದು ಅದರಲ್ಲಿದೆ. ಅಂದರೆ ಸೋಂಕಾದರೆ ಆ ಖರ್ಚಿನ ಒಂದು ಪಾಲೂ ನಿಮ್ಮ ಕಿಸೆಯಿಂದಲೇ. 2,200 ಯೂರೊದ ಜೊತೆಗೆ ಇದನ್ನೂ ಲೆಕ್ಕ ಹಾಕಿ. ವೀಸಾ ಕಷ್ಟವಲ್ಲ. ಜರ್ಮನಿಯಂತಹ ಷೆಂಗೆನ್ ದೇಶದ ವಾಸದ ಪರವಾನಗಿ ಇರುವ ಭಾರತೀಯರಿಗೆ ಟರ್ಕಿಯ ಇ-ವೀಸಾ ಸಿಗುತ್ತದೆ. ನಾನು ಎರಡು ಸಲವೂ ಅದರಲ್ಲೇ ಹೋದೆ. ಸರ್ಕಾರದ ಜಾಲತಾಣದಲ್ಲೇ ಅರ್ಜಿ ಹಾಕಿ, ಅದೇ ಹೆಸರಿನ ಹಾಗೆ ಕಾಣುವ ಮಧ್ಯವರ್ತಿಗಳ ತಾಣ ಬಹಳ ಇವೆ.

ತಲೆ ಬೋಳಿಸುವ ವಿಷಯ. ನನ್ನ ತಂದೆಯೂ ಇದ್ದಾರೆ, ನಮ್ಮಲ್ಲೂ ಅದೇ ಪದ್ಧತಿ. ನಾನು ಮುಚ್ಚಿಡಲಿಲ್ಲ. ಹಿಂದಿನ ರಾತ್ರಿ ಹೋಟೆಲ್‌ನಿಂದ ಅಮ್ಮನಿಗೆ ಕರೆ ಮಾಡಿ ಎಲ್ಲವನ್ನೂ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ನೋವಾಗುತ್ತದೆಯೇನಪ್ಪಾ?" ಎಂದು ಕೇಳಿದರು. ಅಷ್ಟೇ. ಅಪ್ಪನಿಗೆ ಅವರೇ ತಿಳಿಸಿದರು. ಇನ್ನು ಮುಡಿ: ಕತ್ತಿ ಚರ್ಮದ ಮೇಲಿನದನ್ನು ಮಾತ್ರ ತೆಗೆಯುತ್ತದೆ, ನೆಟ್ಟ ಬುಡಕ್ಕೆ ಏನೂ ಆಗುವುದಿಲ್ಲ. ನನಗೆ ಆರು ತಿಂಗಳು ಕ್ಷೌರದ ಕತ್ತಿ ಬೇಡ ಎಂದಿದ್ದರು. ನೀವು ಒಂದು ವರ್ಷ ಕಳೆದ ಮೇಲೆ ಇಟ್ಟುಕೊಳ್ಳಿ. ಆದರೆ ಒಂದು ಸಂಗತಿ ತಿಳಿದಿರಲಿ: ಬೋಳಿಸಿದಾಗ ಹಿಂತಲೆಯಲ್ಲಿ ಕಿತ್ತ ಜಾಗಗಳು ಸಣ್ಣ ಬಿಳಿ ಚುಕ್ಕೆಗಳಾಗಿ ಕಾಣುತ್ತವೆ. ಚರ್ಮವನ್ನೇ ಪಟ್ಟಿಯಾಗಿ ಕತ್ತರಿಸಿ ತೆಗೆಯುವ ಹಳೆಯ ವಿಧಾನವಾದರೆ ಕಿವಿಯಿಂದ ಕಿವಿಗೆ ಒಂದು ಗೆರೆಯೇ ಕಾಣುತ್ತದೆ. ಹರಕೆ ಇದೆ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿಬಿಡಿ.

ಅಕ್ಕ, ಬೆಂಗಳೂರು:

ನನ್ನ ತಮ್ಮ 2019ರಲ್ಲಿ ದುಬೈನಿಂದ ಇಸ್ತಾಂಬುಲ್‌ಗೆ ಹೋಗಿ ಮಾಡಿಸಿಕೊಂಡ. ಆಗ ಅವನಿಗೆ 24. ಐದು ಸಾವಿರ ಗ್ರಾಫ್ಟ್ ಎಂದಿದ್ದರು. ಮೊದಲ ವರ್ಷ ನಾವೆಲ್ಲ ಸಂತೋಷಪಟ್ಟೆವು. ಆಮೇಲೆ ನೆಟ್ಟ ಸಾಲಿನ ಹಿಂದೆ ಇದ್ದ ಅವನದೇ ಕೂದಲು ಉದುರುತ್ತಾ ಹೋಯಿತು. ಈಗ ಹಣೆಯ ಮೇಲೆ ಅಡಿಕೋಲು ಇಟ್ಟು ಎಳೆದಂತಹ ಒಂದು ಸಾಲು, ಅದರ ಹಿಂದೆ ಖಾಲಿ. ಹಿಂತಲೆ ನುಸಿ ತಿಂದ ಕಂಬಳಿಯ ಹಾಗಿದೆ. ಅಂದು ದಿನಕ್ಕೆ ಹತ್ತು ಸಲ ಸಂದೇಶ ಕಳುಹಿಸುತ್ತಿದ್ದ ದುಭಾಷಿಯ ಸಂಖ್ಯೆ ಇಂದು ಚಾಲ್ತಿಯಲ್ಲಿಲ್ಲ. ಕಾಗದಗಳೆಲ್ಲ ಟರ್ಕಿ ಭಾಷೆಯಲ್ಲಿವೆ, ವೈದ್ಯರ ಹೆಸರು ಯಾವುದರಲ್ಲೂ ಇಲ್ಲ.

ಬೆಂಗಳೂರಿನಲ್ಲಿ ಒಬ್ಬ ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಿದೆವು. ಹಿಂತಲೆಯಲ್ಲಿ ಇನ್ನು ತೆಗೆಯಲು ಏನೂ ಉಳಿದಿಲ್ಲ, ಗಡ್ಡದ ಕೂದಲು ತೆಗೆದು ಸ್ವಲ್ಪ ಸರಿಪಡಿಸಬಹುದು ಎಂದರು. ಮಾಡಿಸಿದೆವು. ಹಿಂದೆ ಚುಕ್ಕೆ ಚುಕ್ಕೆಯಾಗಿ ಹಚ್ಚೆ ಹಾಕಿಸಿ ಬಿಳಿ ಜಾಗಗಳನ್ನು ಮರೆಮಾಡಿದ್ದೇವೆ. ಅವನು ಮನೆಯೊಳಗೂ ಟೋಪಿ ತೆಗೆಯುವುದಿಲ್ಲ.

ಅವನನ್ನು ಅವಸರಿಸಿದವರು ನಾವೇ. "ಮದುವೆಗೆ ಮುಂಚೆ ಮಾಡಿಸಿಕೊಂಡುಬಿಡು" ಎಂದು ಫೋನಿನಲ್ಲಿ ಹೇಳಿದವಳು ನಾನು. ಆದ್ದರಿಂದ ನಿಮ್ಮ ಅಕ್ಕನಿಗೂ ಒಂದು ಮಾತು ಹೇಳಬೇಕು: ಫೋಟೊ ನೋಡಿ ಸುಮ್ಮನಾದ ಮನೆಯವರಿಗಾಗಿ ಅವಸರಪಡಬೇಡಿ.

ಚರ್ಮವೈದ್ಯೆ, ಮೈಸೂರು:

ನಾಲೆಬಯಲಿನವರು ಬರೆದದ್ದು ಬಹುಪಾಲು ಸರಿ. ವೈದ್ಯಳಾಗಿ ಕೆಲವು ಮಾತು ಸೇರಿಸುತ್ತೇನೆ.

ಹಿಂತಲೆಯ ಕೂದಲನ್ನು ಮುಂದೆ ನೆಟ್ಟರೂ ಅದು ತನ್ನ ಮೂಲ ಗುಣವನ್ನೇ ಉಳಿಸಿಕೊಳ್ಳುತ್ತದೆ ಎಂದು ನ್ಯೂಯಾರ್ಕ್‌ನ ನಾರ್ಮನ್ ಓರೆಂಟ್ರೈಕ್ 1959ರಲ್ಲಿ ತೋರಿಸಿಕೊಟ್ಟರು. ಕಸಿ ನಿಂತಿರುವುದೇ ಆ ಅಡಿಪಾಯದ ಮೇಲೆ. ಆದರೆ ಪಕ್ಕದಲ್ಲಿರುವ ಹಳೆಯ ಕೂದಲಿಗೆ ಆ ರಕ್ಷಣೆ ಇಲ್ಲ. ಬೆಂಗಳೂರಿನ ಸಹೋದರಿಯ ತಮ್ಮನಿಗೆ ಆದದ್ದು ಅದೇ. ಆದ್ದರಿಂದಲೇ ಇಪ್ಪತ್ತರ ಹರೆಯದಲ್ಲಿ, ಕೂದಲು ಇನ್ನೂ ಉದುರುತ್ತಿರುವಾಗ, ನಾವು ಮೊದಲು ಔಷಧಿಯ ಮಾತಾಡುತ್ತೇವೆ: ಫಿನಾಸ್ಟೆರೈಡ್ 1 ಮಿಲಿಗ್ರಾಂ ಮಾತ್ರೆ, ತಲೆಗೆ ಹಚ್ಚುವ ಮಿನಾಕ್ಸಿಡಿಲ್. ಫಲ ಕಾಣಲು ಆರು ತಿಂಗಳಿಂದ ಒಂದು ವರ್ಷ ಬೇಕು, ನಿಲ್ಲಿಸಿದರೆ ಫಲವೂ ನಿಲ್ಲುತ್ತದೆ. ಫಿನಾಸ್ಟೆರೈಡ್ ಕೆಲವರಲ್ಲಿ ಲೈಂಗಿಕ ಆಸಕ್ತಿಯನ್ನು ಕುಗ್ಗಿಸುತ್ತದೆ, ಕೆಲವರಿಗೆ ಮನಸ್ಸು ಕುಸಿಯುತ್ತದೆ. ಆತ್ಮಹತ್ಯೆಯ ಆಲೋಚನೆಯೂ ಇದರ ಅಡ್ಡಪರಿಣಾಮ ಎಂದು ಯುರೋಪಿನ ಔಷಧ ಸಂಸ್ಥೆ 2025ರಲ್ಲಿ ದೃಢಪಡಿಸಿದೆ. ಸ್ನೇಹಿತರ ಮಾತು ಕೇಳಿ ನುಂಗುವ ಮಾತ್ರೆ ಇದಲ್ಲ. ಹಿಂದೆ ಖಿನ್ನತೆ ಇದ್ದಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ, ಮದುವೆಯಾಗಿ ಮಗು ಬಯಸುವಾಗಲೂ ತಿಳಿಸಿ.

ಗ್ರಾಫ್ಟ್‌ಗಳ ದೊಡ್ಡ ಸಂಖ್ಯೆಯ ಇನ್ನೊಂದು ಅಪಾಯವನ್ನು ಯಾರೂ ಹೇಳುವುದಿಲ್ಲ. ಅರಿವಳಿಕೆಗೆ ಬಳಸುವ ಲಿಡೊಕೇನ್‌ಗೆ ಮಿತಿಯಿದೆ. ಅಡ್ರಿನಲಿನ್ ಜೊತೆ ಕೊಟ್ಟರೂ ದೇಹದ ತೂಕದ ಕಿಲೊಗೆ 7 ಮಿಲಿಗ್ರಾಂ. ಹತ್ತು ಗಂಟೆಯ ಕೆಲಸದಲ್ಲಿ ಮತ್ತೆ ಮತ್ತೆ ಚುಚ್ಚುವಾಗ ಆ ಲೆಕ್ಕ ಇಡುವ ವೈದ್ಯರು ಕೋಣೆಯಲ್ಲಿ ಇರಲೇಬೇಕು. ಮಿತಿ ಮೀರಿದರೆ ಫಿಟ್ಸ್ ಬರಬಹುದು, ಹೃದಯದ ಬಡಿತವೇ ತಪ್ಪಬಹುದು.

ಟರ್ಕಿಯನ್ನು ಮಾತ್ರ ದೂರುವುದೂ ನ್ಯಾಯವಲ್ಲ. ಕಾನ್ಪುರದಲ್ಲಿ ಕೂದಲು ಕಸಿಯ ನಂತರ ಇಬ್ಬರು ಎಂಜಿನಿಯರ್‌ಗಳು ತೀರಿಕೊಂಡ ಸುದ್ದಿಯನ್ನು 2025ರಲ್ಲಿ ನಾವೆಲ್ಲ ಓದಿದ್ದೇವೆ. ಕಸಿಯನ್ನು ತರಬೇತಿ ಪಡೆದ ವೈದ್ಯರೇ ಮಾಡಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಕರ್ನಾಟಕದಲ್ಲಿ ಮಾಡಿಸುವವರು ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಗೋಡೆಯ ಮೇಲೆ ಇದೆಯೇ ನೋಡಿ. ಟರ್ಕಿಯಲ್ಲೂ ವಿದೇಶಿಯರಿಗೆ ಚಿಕಿತ್ಸೆ ಕೊಡುವವರಿಗೆ ಆರೋಗ್ಯ ಸಚಿವಾಲಯದ ಅಧಿಕಾರ ಪತ್ರ ಇರಬೇಕು. ಅದರ ಪ್ರತಿಯನ್ನು ಕೇಳಿ ತರಿಸಿಕೊಳ್ಳಿ. ಬುಡ ಕೀಳುವ ಕೊಳವೆ ಹಿಡಿಯುವವರು ಯಾರು, ಸೀಳು ಹಾಕುವವರು ಯಾರು, ಅಂದು ಅದೇ ವೈದ್ಯರ ಬಳಿ ಬೇರೆ ಎಷ್ಟು ರೋಗಿಗಳಿದ್ದಾರೆ ಎಂಬುದಕ್ಕೆ ವೈದ್ಯರ ಹೆಸರಿನೊಂದಿಗೆ ಲಿಖಿತ ಉತ್ತರ ಪಡೆಯಿರಿ. ಬರೆದು ಕೊಡದಿದ್ದರೆ ಹೋಗಬೇಡಿ.

ತುಂಗಾತೀರ, ಮ್ಯೂನಿಕ್:

ಎಲ್ಲರಿಗೂ ಕೃತಜ್ಞತೆ. ಮುಂಗಡ ಕಳುಹಿಸಿಲ್ಲ. ವೈದ್ಯೆಯವರು ಹೇಳಿದ ಮೂರು ಪ್ರಶ್ನೆಗಳನ್ನು ಆ ಕ್ಲಿನಿಕ್‌ಗೆ ಬರೆದೆ. ಉತ್ತರವಾಗಿ "ಇಂದೇ ಕಾಯ್ದಿರಿಸಿದರೆ 1,900 ಯೂರೊ" ಎಂದು ಬಂತು. ಅವರ ಫೋನ್ ಸಂಖ್ಯೆಯನ್ನು ಅಳಿಸಿದೆ. ಇಲ್ಲಿಯ ಚರ್ಮವೈದ್ಯರ ಬಳಿ ಮುಂದಿನ ತಿಂಗಳ 14ಕ್ಕೆ ಸಮಯ ಸಿಕ್ಕಿದೆ.

ಬೆಂಗಳೂರಿನ ಅಕ್ಕಾ, ನಿಮ್ಮ ಮಾತನ್ನು ನನ್ನ ಅಕ್ಕನಿಗೆ ಓದಿ ಹೇಳಿದೆ. ಅತ್ತಳು. ನಿಮ್ಮ ತಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ನಾಲೆಬಯಲಿನವರೇ, ನಿನ್ನೆ ಅಪ್ಪನ ಜೊತೆಗೂ ಮಾತನಾಡಿದೆ. ಅವರಿಗೆ ಯಾವ ವಯಸ್ಸಿನಲ್ಲಿ ಎಷ್ಟು ಉದುರಿತ್ತು ಎಂದು ಕೇಳಿದಾಗ ಹಳೆಯ ಪೆಟ್ಟಿಗೆಯಿಂದ ಮದುವೆಯ ಫೋಟೊ ಹುಡುಕಿಸಿ ಕಳುಹಿಸಿದರು. ಇಪ್ಪತ್ತೇಳರಲ್ಲಿ, ಬಾಸಿಂಗದ ಮೇಲೆ, ನನ್ನದೇ ಹಣೆ. ಒಂದು ವರ್ಷ ಮಾತ್ರೆ ತೆಗೆದುಕೊಂಡರೆ ಫಲ ಬರುತ್ತಿದೆಯೋ ಇಲ್ಲವೋ ಎಂದು ನನಗೆ ತಿಳಿಯುವುದು ಹೇಗೆ? ಕನ್ನಡಿಯಲ್ಲಿ ದಿನಾ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ನಾಲೆಬಯಲು, ಫ್ರಾಂಕ್‌ಫರ್ಟ್:

ಕನ್ನಡಿಯನ್ನು ನಂಬಬೇಡಿ. ಪ್ರತಿ ತಿಂಗಳ ಒಂದನೆಯ ತಾರೀಖು, ತಲೆ ತೊಳೆದು ಪೂರ್ತಿ ಒಣಗಿದ ಮೇಲೆ, ಒಂದೇ ಕಿಟಕಿಯ ಪಕ್ಕ, ಒಂದೇ ಹೊತ್ತಿನ ಬೆಳಕಿನಲ್ಲಿ ನಾಲ್ಕು ಫೋಟೊ: ಮುಂದೆ, ಎಡ, ಬಲ, ನೆತ್ತಿ. ಹಿಂತಲೆಯದು ಐದನೆಯದು, ಅದನ್ನು ಬೇರೆ ಯಾರಾದರೂ ತೆಗೆಯಲಿ. ತೆಗೆದು ಎತ್ತಿಡಿ, ಆರು ತಿಂಗಳು ತೆರೆದು ನೋಡಬೇಡಿ. ಅಪ್ಪ ಕಳುಹಿಸಿದ ಆ ಮದುವೆಯ ಫೋಟೊವನ್ನೂ 14ರಂದು ಜೊತೆಗೆ ಒಯ್ಯಿರಿ; ಅವರ ನಲವತ್ತರ ಫೋಟೊ ಒಂದು ಸಿಕ್ಕಿದರೆ ಅದನ್ನೂ. ನನ್ನ ವೈದ್ಯರು ನನ್ನ ತಲೆಗಿಂತ ಹೆಚ್ಚು ಹೊತ್ತು ನೋಡಿದ್ದು ಅಜ್ಜನ ಫೋಟೊವನ್ನು.